ಫ್ಯಾನು ಒಂದರ ಮೇಲೆ

ವಜೀರಬೀಯ ಮನೆಯ ಫ್ಯಾನು ಮಾಳಿಗೆಗೆ ಗಾಳಿ ಹಾಕತೊಡಗಿದ ದಿನ, ಮನ್ಮಥಪ್ಪ ತನ್ನ ಐದು ತಿಂಗಳ ವಾದವನ್ನು ನಿಲ್ಲಿಸಿಬಿಡಬೇಕೆಂದು ನಿಶ್ಚಯ ಮಾಡಿದ.

ಬೆಳಿಗ್ಗೆ ಎಂಟಕ್ಕೇ ಆಕೆ ಅಂಗಡಿಯ ಮುಂದೆ ಬಂದು ನಿಂತಿದ್ದಳು. ಎರಡು ದಿನದ ಹಿಂದೆ ಮನ್ಮಥಪ್ಪನೇ ಆ ಫ್ಯಾನಿಗೆ ಹೊಸ ತಂತಿ ಸುತ್ತಿ, ಏಣಿ ಹತ್ತಿ ತೂಗುಹಾಕಿ ಬಂದಿದ್ದ.

"ಅಣ್ಣಾ, ಫ್ಯಾನ್ ತಿರಗಲ್ಲ ಅಂತ ನಾ ಹೇಳಲ್ಲರಿ. ತಿರಗ್ತದ. ಆದರ ಉಲ್ಟಾ ತಿರಗ್ತದ. ಗಾಳಿ ಎಲ್ಲಾ ಮ್ಯಾಲ ಹೋಗ್ತದ. ಮಾಳಗಿ ಜ್ಯಾಡ ಝಾಡಿಸಿ ಸಾಫ್ ಆಗ್ಯಾದ, ಪಲ್ಲಿಗೋಳು ಆರಾಮ ಮಲಗ್ಯಾವ. ನಾವು ಕೆಳಗ ಬೆವತು ಕುಂತೇವಿ."

ಮನ್ಮಥಪ್ಪ ತನ್ನ ಎರಡೂ ಕೈ ಚಾಚಿ ನೋಡಿಕೊಂಡ. ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಇಪ್ಪತ್ನಾಲ್ಕು ವರ್ಷದಿಂದ ಮೋಟರು, ಫ್ಯಾನುಗಳಿಗೆ ತಂತಿ ಸುತ್ತಿದ ಕೈಗಳು ಅವು. ಮನ್ಮಥಪ್ಪ ಮುಟ್ಟಿದ ಫ್ಯಾನು ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತದೆ ಎಂದು ಊರು ಹೇಳುತ್ತಿತ್ತು. ಅಂಥ ಅಂಗಡಿಗೆ ಈ ತಿಂಗಳು ವಾಪಸು ಬಂದ ಫ್ಯಾನು ಇದು ಮೂರನೆಯದು. ತಂತಿ ಸುತ್ತುವುದೆಂದರೆ ಎಣಿಕೆಯ ಕೆಲಸ. ತುಟಿ ಅಲ್ಲಾಡಿಸುತ್ತ ನೂರಾ ಎಂಬತ್ತರವರೆಗೆ ಎಣಿಸಿಕೊಂಡು ಬಂದಿರುತ್ತಾನೆ, ಅಷ್ಟರಲ್ಲಿ ಔರಾದದ ಘಾಳೆಪ್ಪನಿಗೆ ಕೊಡಬೇಕಾದ ಒಂದು ಎದುರುತ್ತರ ತಲೆಯಲ್ಲಿ ಹೊಳೆಯುತ್ತದೆ, ಎಣಿಕೆ ಹಾರಿಹೋಗುತ್ತದೆ. ವಜೀರಬೀಯ ಫ್ಯಾನಿನಲ್ಲಿ ಎಣಿಕೆ ತಪ್ಪಿರಲಿಲ್ಲ. ಕೊನೆಗೆ ತಂತಿಯ ತುದಿಗಳನ್ನು ಕೂಡಿಸುವಾಗ ಘಾಳೆಪ್ಪ ತಲೆಯೊಳಗೆ ಬಂದಿದ್ದ, ತುದಿ ಅದಲುಬದಲಾಗಿದ್ದವು.

ಘಾಳೆಪ್ಪನನ್ನು ಮನ್ಮಥಪ್ಪ ಕಣ್ಣಾರೆ ಕಂಡವನಲ್ಲ. ಜಿಲ್ಲೆಯ ವೈಂಡಿಂಗಿನವರು, ವೈರಿಂಗಿನವರು ಎಲ್ಲ ಕೂಡಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿತ್ತು. ದಸರೆಯ ಹೊತ್ತಿಗೆ ಅದರಲ್ಲಿ ಯಾರೋ ಒಬ್ಬ ಕೇಳಿದ: ಫ್ಯಾನಿನ ರೆಗ್ಯುಲೇಟರನ್ನು ಐದರಿಂದ ಒಂದಕ್ಕೆ ಇಳಿಸಿದರೆ ಕರೆಂಟು ಉಳಿಯುತ್ತದೋ ಇಲ್ಲವೋ? ಮನ್ಮಥಪ್ಪ ಇಲ್ಲ ಎಂದ. ಘಾಳೆಪ್ಪ ಉಳಿಯುತ್ತದೆ ಎಂದ. ಕೇಳಿದವನು ಮರುದಿನವೇ ಗುಂಪು ಬಿಟ್ಟುಹೋದ. ಇವರಿಬ್ಬರು ಉಳಿದರು.

ದೀಪಾವಳಿಯ ಹೊತ್ತಿಗೆ ಇಬ್ಬರ ಬತ್ತಳಿಕೆಯೂ ಬರಿದಾಗಿತ್ತು. ಆಮೇಲೆ ಬಿಟ್ಟ ಬಾಣಗಳನ್ನೇ ಆರಿಸಿ ತಂದು ಮತ್ತೆ ಬಿಡುತ್ತಿದ್ದರು. ಗುಂಪಿನ ಉಳಿದ ಇನ್ನೂರು ಜನ ನಡುನಡುವೆ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿಕೊಂಡು ಸುಮ್ಮನಿದ್ದರು.

ಮನ್ಮಥಪ್ಪನ ಬೆರಳು ವಾರ್ನಿಷು ಕುಡಿದು ಕುಡಿದು ಮೊಂಡಾಗಿದ್ದವು. ಫೋನಿನ ಅಕ್ಷರಗಳು ಅವುಗಳ ಕೆಳಗೆ ಮೂರು ಮೂರು ಒಟ್ಟಿಗೆ ಸಿಕ್ಕಿಬೀಳುತ್ತಿದ್ದವು. ಹಾಗಾಗಿ ಅಪ್ಪ ಹೇಳುವುದು, ಮಗ ಬರೆಯುವುದು. ಮಗ ಅಮಿತಕುಮಾರ ಬೀದರಿನ ಚೌಬಾರಾದ ಹತ್ತಿರ ಒಂದು ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದ. ಊಟವಾದ ಮೇಲೆ ಅಪ್ಪ ತಿರುಗುವ ಫ್ಯಾನನ್ನೇ ನೋಡುತ್ತ ಹೇಳುತ್ತಿದ್ದ. ಆ ರೆಕ್ಕೆಗಳು ಒಂದಾಗಿ ಕರಗಿ ಬೆಳ್ಳನೆಯ ಒಂದು ಹೊಗೆಯಾಗುತ್ತಿದ್ದಂತೆ ಅವನ ಮನಸ್ಸೂ ಕರಗಿ ಎಲ್ಲೋ ಹೋಗಿಬಿಡುತ್ತಿತ್ತು. ಹುಟ್ಟಿದಾಗಿನಿಂದ ಅವನು ಹಾಗೆಯೇ, ಅರ್ಧ ಇಲ್ಲಿ, ಅರ್ಧ ಕನಸಿನಲ್ಲಿ. ಮಗ ಬರೆದದ್ದನ್ನು ಓದಿ ಹೇಳಿದಾಗ ಬೆಚ್ಚುತ್ತಿದ್ದ.

"ಇಷ್ಟು ಖಾರ ನಾ ಹೇಳಿದ್ನೇನೋ?"

"ಮತ್ತ ಯಾರು ಹೇಳ್ತಾರ ಅಪ್ಪಾ?"

ಸಂಕ್ರಾಂತಿಯ ದಿನ ಎಳ್ಳು ತಿಂದ ಬಾಯಿಯಲ್ಲಿ, "ಸಾಕು, ಇಲ್ಲಿಗಿ ಬಿಡಮು ಅಂತ ಬರಿ" ಎಂದು ತಾನು ಹೇಳಿದಂತೆಯೂ ಅವನಿಗೆ ಒಂದು ಮಬ್ಬು ನೆನಪಿತ್ತು. ಆದರೆ ಮರುದಿನ ನೋಡಿದರೆ ವಾದ ಮೊದಲಿಗಿಂತ ಜೋರಾಗಿತ್ತು. ಕನಸಿರಬೇಕು ಎಂದುಕೊಂಡ.

"ಮೂರನೇದ್ದು ಹೌದಲ್ರಿ ಇದು?" ಒಳಗಿನಿಂದ ಹೆಂಡತಿ ಅನುಸೂಯಾಬಾಯಿ ಬಂದಳು. ಮನೆ, ಅಂಗಡಿ ಒಂದಕ್ಕೊಂದು ಹತ್ತಿಕೊಂಡೇ ಇದ್ದವು. "ನಾ ಹೇಳಿದ್ರ ಕಿವಿಗಿ ಹೋಗಲ್ಲ. ಇವತ್ತ ಒಂದು ಫೈಸಲಾ ಮಾಡ್ರಿ. ನಾಳಿ ಮಂದಿ ಫ್ಯಾನ್ ತಗೊಂಡು ಬ್ಯಾರೆ ಕಡಿ ಹೋದ್ರ ಆ ಘಾಳೆಪ್ಪ ಬಂದು ಅಂಗಡಿ ನಡಸ್ತಾನೇನು?"

"ಖರೇ ಮಾತು ವೈನಿ," ಎಂದು ವಜೀರಬೀ ತಾಳ ಹಾಕಿದಳು. "ಅಣ್ಣನ ಕೈಯಾಗ ಬರ್ಕತ್ ಇತ್ತು. ಯಾರದೋ ನಜರ್ ಬಿದ್ದದ."

ಮನ್ಮಥಪ್ಪನಿಗೆ ಆಸ್ತಿ ಎಂದರೆ ಆ ಕೈಯೊಂದೇ. "ಇವತ್ತ ಮುಗಸ್ತೇನಿ," ಎಂದ. "ಅಮಿತಗ ಹೋಗಿ ಭೆಟ್ಟಿ ಆಗ್ತೇನಿ. ಒಂದು ಘಟ್ಟಿ ಮಾತು ಬರಸಿ ಗುಂಪಿನ್ಯಾಗಿಂದ ಹೊರಗ ಬರ್ತೇನಿ. ವಜೀರಬೀ, ನಾಳಿ ನಿಂದು ಫ್ಯಾನ್ ಸೀದಾ ಮಾಡ್ತೇನಿ."

ಸಂಜೆಯವರೆಗೆ ಕಾದಿದ್ದರೆ ಮಗ ಮನೆಗೇ ಬರುತ್ತಿದ್ದ. ಆದರೆ ಮನ್ಮಥಪ್ಪನಿಗೆ ತನ್ನ ನಿಶ್ಚಯದ ಆಯುಷ್ಯ ಗೊತ್ತಿತ್ತು. ಬೀದರ ಬಸ್ಸು ಹತ್ತಿದ. ಕಂಡಕ್ಟರು ಬಂದು ಎಲ್ಲಿಗೆ ಎಂದರೆ, "ಒಂದರ ಮ್ಯಾಲ," ಎಂದ. ಕಂಡಕ್ಟರು ಅವನ ಮುಖ ನೋಡಿ, ಸುಮ್ಮನೆ ಬೀದರಿನ ಟಿಕೀಟು ಹರಿದು ಕೈಗಿಟ್ಟ.

ಅಮಿತಕುಮಾರ ಅಂಗಡಿಯಲ್ಲಿ ಬಲ್ಬು ಪರೀಕ್ಷೆ ಮಾಡಿ ಕೊಡುತ್ತಿದ್ದ. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ಬಲ್ಬು ಕೆಳಗಿಟ್ಟು, ಬಹಳ ದಿನದಿಂದ ಕಾದವನ ಹಾಗೆ ಉಸಿರುಬಿಟ್ಟ.

"ಅಪ್ಪಾ, ಇದು ಫೋನಿನಾಗ ಮುಗ್ಯಾ ಝಗಡಾ ಅಲ್ಲ. ನೀ ಗುಂಪು ಬಿಟ್ಟರ ಸೋತು ಓಡಿದ್ರು ಅಂತಾರ. ಎದುರಾ ಎದುರು ಕುಂತು ಮುಗಸಬೇಕು."

"ಔರಾದಕ್ಕ ಹೋಗು ಅಂತಿಯೇನು?"

"ಹನ್ನೊಂದೂವರಿಗಿ ಬಸ್ ಅದ. ಖಾಲಿ ಕೈಲೆ ಹೋಗಬ್ಯಾಡ. ಹಿರ್ಯಾರ ಇದ್ದಾರ, ಬಾಯಿ ಸಿಹಿ ಮಾಡಸು." ಎನ್ನುತ್ತ ಅವನು ಕೌಂಟರಿನ ಕೆಳಗೆ ಬಗ್ಗಿ ಎದ್ದ. ಕೈಯಲ್ಲಿ ಕೆಂಪು ಮಿಂಚುಕಾಗದ ಸುತ್ತಿ ದಾರ ಕಟ್ಟಿದ ಸಕ್ಕರೆ ಪೊಟ್ಟಣವಿತ್ತು. ಇನ್ನೊಮ್ಮೆ ಬಗ್ಗಿ ಒಂದು ತೆಂಗಿನಕಾಯಿ ತೆಗೆದ. ಮೂರನೆಯ ಸಲ ಬಗ್ಗಿ, ಮಡಿಕೆ ಬಿಚ್ಚದ ಒಂದು ಬಿಳಿ ಟೋಪಿ ತೆಗೆದು ತಾನೇ ಅಪ್ಪನ ತಲೆಯ ಮೇಲಿಟ್ಟ.

ಕರೆಂಟ್ ಸಾಮಾನಿನ ಅಂಗಡಿಯಲ್ಲಿ ತೆಂಗಿನಕಾಯಿ ಯಾಕಿತ್ತು ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಮನ್ಮಥಪ್ಪನಿಗೆ ಕಣ್ಣು ತುಂಬಿ ಬಂದವು. ಇಂಥ ತಿಳುವಳಿಕೆಯ ಮಗ ಎಷ್ಟು ಮಂದಿಗೆ ಹುಟ್ಟುತ್ತಾನೆ ಎಂದುಕೊಂಡು ಔರಾದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ.

ಬಸ್ಸು ಬೀದರ ದಾಟಿ ಕೆಂಪು ನೆಲದ ನಡುವೆ ತೂಗುತ್ತ ಹೊರಟಿತು. ಕಡಲೆ ಕಿತ್ತ ಹೊಲಗಳು ಬಿಸಿಲಿಗೆ ಮೈಚಾಚಿದ್ದವು. ಅಲ್ಲಲ್ಲಿ ಎಲೆಯಿಲ್ಲದ ಮುತ್ತುಗದ ಗಿಡ ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು. ಮನ್ಮಥಪ್ಪನ ರೆಪ್ಪೆ ಇಳಿದವು. ಯಾರೋ ಎಲ್ಲೋ ಗುಂಡಿ ತಿರುವಿ ಜಗತ್ತನ್ನೇ ಒಂದರ ಮೇಲೆ ಇಟ್ಟಂತೆ ಅವನಿಗೆ ಅನ್ನಿಸಿತು. ದೂರದ ಎತ್ತು ಒಂದು ಹೆಜ್ಜೆ ಎತ್ತಿತು, ಇಡಲು ಬಹಳ ಹೊತ್ತು ಮಾಡಿತು. ಮುತ್ತುಗದ ಒಂದು ಹೂ ಕೊಂಬೆ ಬಿಟ್ಟು ನೆಲಕ್ಕೆ ಬರಲು ಅರ್ಧ ದಾರಿಯಲ್ಲೇ ನಿಂತು ಯೋಚನೆ ಮಾಡಿತು. ಆ ನಿಧಾನದ ಹೊಲದ ನಡುವೆ ಘಾಳೆಪ್ಪ ನಿಂತಿದ್ದ. ಆಲದ ಮರದಷ್ಟು ಎತ್ತರ, ಫ್ಯಾನಿನ ರೆಕ್ಕೆಯಂಥ ಮೀಸೆ. ಮೀಸೆ ತಿರುಗುತ್ತ ಕೇಳಿತು, ಕರೆಂಟು ಉಳಿತೋ ಇಲ್ಲೋ? ಮನ್ಮಥಪ್ಪ ಕನಸಿನಲ್ಲೇ ಸಕ್ಕರೆ ಪೊಟ್ಟಣ ಎದೆಗೆ ಒತ್ತಿಕೊಂಡ. ಇವತ್ತಿಗೆ ಮುಗಿಯುತ್ತದೆ, ನಾಳೆ ಕೈ ಮೊದಲಿನಂತಾಗುತ್ತದೆ. ಆ ಸುಖದಲ್ಲಿ ಅವನ ಬಾಯಿ ಸ್ವಲ್ಪ ತೆರೆದುಕೊಂಡಿತು.

ಔರಾದ ಬಂದಾಗ ಕಂಡಕ್ಟರೇ ಎಬ್ಬಿಸಬೇಕಾಯಿತು.

ಓಣಿಯ ಬಾಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದ ಮುದುಕ, ಗಿರಣಿಯ ಧೊಂಡಿಬಾ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಮನ್ಮಥಪ್ಪ ಅರೆನಿದ್ದೆಯಲ್ಲಿ ಘಾಳೆಪ್ಪನ ಮನೆ ಕೇಳಿದ. ಧೊಂಡಿಬಾ ಮೊದಲು ಅವನ ಹೊಸ ಟೋಪಿ ನೋಡಿದ. ಆಮೇಲೆ ತೆಂಗಿನಕಾಯಿ. ಆಮೇಲೆ ಕೆಂಪು ಪೊಟ್ಟಣ ನೋಡಿ ಎದ್ದು ನಿಂತ.

"ಯಾವೂರ್ರಿ?"

"ಭಾಲ್ಕಿ."

"ಮಗಾ ಏನ್ ಮಾಡ್ತಾನ್ರಿ?"

ದಾರಿ ಕೇಳಿದರೆ ಮಗನನ್ನು ಯಾಕೆ ವಿಚಾರಿಸುತ್ತಾನೆ ಎಂದು ಮನ್ಮಥಪ್ಪನಿಗೆ ಹೊಳೆಯಲಿಲ್ಲ. "ಬೀದರದಾಗ ಅಂಗಡ್ಯಾಗ ಇದ್ದಾನ್ರಿ."

"ಒಬ್ಬನೇ ಏನು? ಚಟ ಗಿಟ ಏನಿಲ್ಲಲ್ಲ?"

"ಒಬ್ಬನೇ. ಅಡಕಿ ಸೈತ ತಿನ್ನಲ್ಲ."

"ಛಲೋ ಆತು," ಎಂದು ಧೊಂಡಿಬಾ ಗಿರಣಿಯ ಪಟ್ಟಾ ಇಳಿಸಿ, ಅತಿಥಿಯ ಕೈ ಹಿಡಿದು ನಡೆಸಿದ. ಪ್ರತಿ ಬಾಗಿಲಿನ ಮುಂದೆಯೂ ಒಂದು ಕ್ಷಣ ನಿಂತು ಒಳಗೆ ಕೇಳುವಂತೆ, "ಘಾಳೆಪ್ಪನ ಮನಿಗಿ ಪಾವಣ್ಯಾರು ಬಂದಾರ," ಎಂದು ಹೇಳುತ್ತ ಹೋದ. ಅವರು ಮುಟ್ಟುವ ಹೊತ್ತಿಗೆ ಹಿಂದೆ ಹನ್ನೆರಡು ಜನರಿದ್ದರು. ಮನ್ಮಥಪ್ಪ ಅವರನ್ನೆಲ್ಲ ವಾಟ್ಸಾಪ್ ಗುಂಪಿನ ಸದಸ್ಯರೆಂದು ತಿಳಿದು ಕೈ ಮುಗಿದ.

ಬಾಗಿಲು ತೆರೆದವನು ಒಬ್ಬ ಸಣಕಲು ಮನುಷ್ಯ. ಮೀಸೆಯೇ ಇರಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳ ತುಂಬ ವಾರ್ನಿಷಿನ ಕಲೆ. ಆ ಬೆರಳು ಕಂಡದ್ದೇ ಮನ್ಮಥಪ್ಪನ ಸಿಟ್ಟೆಲ್ಲ ಇಳಿದುಹೋಯಿತು.

"ನಾ ಭಾಲ್ಕಿ ಮನ್ಮಥಪ್ಪ. ಮುಗಸಲಾಕ ಬಂದೇನ್ರಿ."

ಘಾಳೆಪ್ಪ ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ಅವನ ಎರಡೂ ಕೈ ಹಿಡಿದ. "ಬರ್ರಿ ಬರ್ರಿ. ನಾ ಅಂತೂ ಸಂಕ್ರಾಂತಿಗೇ ಸಾಕು ಅಂದಿದ್ದೆ. ನೀವೇ ಮರದಿನ ನನಗ ನಾಕು ಕಾಲಿನ ಕತ್ತಿ ಅಂತ ಬರದ್ರಿ."

"ನಾ ಕತ್ತಿ ಅಂದಿಲ್ರಿ. ಸಾಕು ಅಂದಿದ್ದು ನಾನು. ಕತ್ತಿ ಅಂದಿದ್ದು ನೀವು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ವಾದವಾದೀತೆಂದು ಹೆದರಿ ಘಾಳೆಪ್ಪನೇ ಅತಿಥಿಯನ್ನು ಗೋಡೆಯ ಹತ್ತಿರ ಕರೆದೊಯ್ದು ತನ್ನ ಫ್ಯಾನಿನ ಗುಂಡಿ ತೋರಿಸಿದ. "ಇದರ ಮ್ಯಾಲ ಆಣಿ ಇಟ್ಟು ಹೇಳ್ತೇನಿ, ಕರೆಂಟ್ ಉಳಿತದ."

ಮನ್ಮಥಪ್ಪ ಬಗ್ಗಿ ನೋಡಿದ. ಬೆರಳಗಲದ ಹೊಸ ನಮೂನೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರು.

"ಇದಾ? ಇದರಾಗ ಉಳಿತದಲ್ರಿ, ಯಾರು ಇಲ್ಲಂದ್ರು? ನಾ ಹೇಳಿದ್ದು ಹಳೀ ಡಬ್ಬಾ ರೆಗ್ಯುಲೇಟರ್ದು. ಅದು ಉಳದ ಕರೆಂಟ್ ಎಲ್ಲಾ ತಾನೇ ಬಿಸಿ ಆಗಿ ತಿಂದು ಬಿಡ್ತದ."

"ಡಬ್ಬಾದಾಗ ಎಲ್ಲಿ ಉಳಿತದರಿ? ಅದು ನಮ್ಮಪ್ಪಗೂ ಗೊತ್ತಿತ್ತು."

ಐದು ತಿಂಗಳು, ಮೂರು ಉಲ್ಟಾಪಲ್ಟಾ ಫ್ಯಾನು, ಇನ್ನೂರು ಮಂದಿಯ ನೆಮ್ಮದಿ. ಮುಗಿಯಲು ತಗುಲಿದ್ದು ಒಂದು ನಿಮಿಷ. ಇಬ್ಬರೂ ಖರೆ ಹೇಳಿದ್ದರು, ಬೇರೆ ಬೇರೆ ಡಬ್ಬಿ ನೋಡಿಕೊಂಡು. ಮನ್ಮಥಪ್ಪನಿಗೆ ಮೈ ಹಗುರಾಗಿ, ನೆಲದಿಂದ ನಾಲ್ಕು ಬೆರಳು ಮೇಲೆ ತೇಲಿದಂತಾಯಿತು.

ತೇಲುತ್ತಿದ್ದವನು ಹಿಂತಿರುಗಿ ನೋಡಿದ. ಜಮಖಾನೆ ಹಾಸಿದೆ. ಓಣಿಯ ಹಿರಿಯರು ಸಾಲಾಗಿ ಕೂತಿದ್ದಾರೆ. ಬಾಗಿಲ ತುಂಬ ಹೆಂಗಸರು. ನಡುವೆ ಒಂದು ತಟ್ಟೆ, ಅದರಲ್ಲಿ ಅರಿಸಿನ, ಕುಂಕುಮ, ಅವನ ತೆಂಗಿನಕಾಯಿ, ಅವನ ಕೆಂಪು ಪೊಟ್ಟಣ. ಧೊಂಡಿಬಾ ಪೊಟ್ಟಣಕ್ಕೆ ಕುಂಕುಮ ಹಚ್ಚುತ್ತಿದ್ದಾನೆ.

ಇಂಥ ಪೊಟ್ಟಣ ಎಲ್ಲಿ ನೋಡಿದ್ದೆ ಎಂಬುದು ಆಗ ಅವನಿಗೆ ನೆನಪಾಯಿತು. ತನ್ನದೇ ಮದುವೆಯ ನಿಶ್ಚಯದಲ್ಲಿ ನೋಡಿದ್ದ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೆಂಪು ಕಾಗದದಲ್ಲಿ ಸಕ್ಕರೆ ತಂದು, ಹಿರಿಯರ ಮುಂದೆ ಬಿಚ್ಚಿ ಹಂಚಿದರೆ ಅದು ಸಕ್ರಿಪುಡಾ. ಬಿಚ್ಚಿದ ಮೇಲೆ ಸಂಬಂಧ ಕೂಡಿತು ಎಂದೇ ಲೆಕ್ಕ, ಹಿಂದೆ ಸರಿಯುವಂತಿಲ್ಲ.

"ತಡೀರಿ," ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ತಲೆಯ ಮೇಲೆ ಸೆರಗು ಹೊದ್ದ ಹುಡುಗಿಯೊಬ್ಬಳು ಚಹಾದ ತಟ್ಟೆ ಹಿಡಿದು ಬಂದಳು. "ನನ ಮಗಳು, ಉಮಾಶ್ರೀ," ಎಂದ ಘಾಳೆಪ್ಪ. ಅವನ ಕನ್ನಡಕದ ಹಿಂದೆ ನೀರಾಡುತ್ತಿತ್ತು. "ಮನ್ಮಥಪ್ಪನವ್ರ, ನಂದು ತಪ್ಪಾತು. ನೀವು ಮುಗಸಲಾಕ ಬಂದೇನಿ ಅಂದ್ರಿ, ನಾ ಝಗಡಾ ಮುಗಸಲಾಕ ಅಂತ ತಿಳದೆ. ಸಂಬಂಧ ಪಕ್ಕಾ ಮಾಡಿ ಮುಗಸಲಾಕ ಬಂದವರಿಗಿ ಫ್ಯಾನಿನ ಗುಂಡಿ ತೋರಸ್ಕೋತ ನಿಂತೆ."

ಹುಡುಗಿ ಬಗ್ಗಿ ಚಹಾ ಕೊಟ್ಟಳು. ಈಗ ಇಲ್ಲ ಎಂದರೆ ನಾಳೆ ಈ ಓಣಿಯಲ್ಲಿ ಏನು ಮಾತು ಹುಟ್ಟುತ್ತದೆ ಎಂದು ಮನ್ಮಥಪ್ಪನಿಗೆ ಗೊತ್ತಿತ್ತು: ಭಾಲ್ಕಿಯವರು ಪುಡಾ ಹಿಡಿದು ಬಂದರು, ಹುಡುಗಿಯ ಮುಖ ನೋಡಿ ಎದ್ದು ಹೋದರು. ಆ ಮಾತು ಆ ಮಗುವಿನ ಬೆನ್ನು ಬಿಡುವುದಿಲ್ಲ. ಅವನು ಮೆತ್ತನೆಯ ಮನುಷ್ಯ. ತೆರೆದ ಬಾಯಿಗೆ ಚಹಾ ಸುರಿದುಕೊಂಡ. ನಾಲಿಗೆ ಸುಟ್ಟಿತು.

"ಜರಾ ಮನ್ಯಾಕಿಗಿ ಫೋನ್ ಮಾಡ್ತೇನ್ರಿ," ಎಂದು ಅಂಗಳಕ್ಕೆ ಓಡಿದ.

"ಅನುಸೂಯಾ, ಘಾತ ಆಗ್ಯಾದ. ಸಕ್ರಿ ತಂದೇನಿ, ಮಂದಿ ಪುಡಾ ಅಂತ ತಿಳದಾರ."

"ಪುಡಾನೇ ಹೌದ್ರಿ ಅದು," ಎಂದಳು ಆಕೆ. ಹಿಂದೆ ಗಾಡಿಯ ಸದ್ದು ಕೇಳುತ್ತಿತ್ತು. "ಬಿಚ್ಚಬ್ಯಾಡ ಅಂತ ಹೇಳ್ರಿ. ಅರ್ಧಾ ತಾಸಿನಾಗ ನಾವೂ ಬರ್ತೇವಿ."

ಅರ್ಧ ತಾಸಿಗೆ ಸರಿಯಾಗಿ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಅನುಸೂಯಾಬಾಯಿ ಇಳಿದಳು, ಕೈಯಲ್ಲಿ ಹಸಿರು ಜರಿಸೀರೆ. ವಜೀರಬೀ ಇಳಿದಳು, ಕೈಯಲ್ಲಿ ಹೂವಿನ ಬುಟ್ಟಿ. ಕೊನೆಗೆ ಅಮಿತಕುಮಾರ ಇಳಿದ, ಹೊಸ ಅಂಗಿ ತೊಟ್ಟು, ಅಪ್ಪನ ಕಣ್ಣು ತಪ್ಪಿಸಿ.

"ಈ ಸೀರಿ ಯಾವಾಗ ತಂದಿ?" ಎಂದು ಕೇಳಿದ ಮನ್ಮಥಪ್ಪ.

"ಸಂಕ್ರಾಂತಿಗಿ," ಎಂದು ಆಕೆ ಒಳಗೆ ಹೋದಳು.

ಮನ್ಮಥಪ್ಪ ಮಗನನ್ನು ಬೇವಿನ ಗಿಡದ ಕೆಳಗೆ ಹಿಡಿದು ನಿಲ್ಲಿಸಿದ. "ಖರೇ ಹೇಳು. ಕತ್ತಿ ಅಂತ ಬರದವ್ರು ಯಾರು?"

"ನಾ ಅಪ್ಪಾ." ಅಮಿತಕುಮಾರ ಕಾಲಿನಿಂದ ಮಣ್ಣು ಕೆದರಿದ. "ಅವ್ರಪ್ಪಂದು ಆಕಿ ಬರೀತಾಳ, ನಿಂದು ನಾ ಬರೀತೇನಿ. ಮೊದಲಿಗಿ ಅವ್ರಪ್ಪ ಬಿರುಸು ಮಾತು ಹೇಳಿದ್ರಂತ ಆಕಿ ನನಗ ಬ್ಯಾರೆ ಮೆಸೇಜ್ ಹಾಕಿ ಮಾಫಿ ಕೇಳಿದ್ಲು. ನಾನೂ ಕೇಳದೆ. ಹಂಗೇ ದಿನಾ ಕೇಳ್ಕೋತ ಹೋದೇವಿ. ಸಂಕ್ರಾಂತಿಗಿ ನೀವಿಬ್ರೂ ಒಮ್ಮೇ ಸಾಕು ಅಂದ್ರಿ. ಝಗಡಾ ಮುಗದ್ರ ಮಾಫಿ ಯಾಕ ಕೇಳೋದು? ಅದಕ್ಕ ಸಾಕು ಅನ್ನೋದು ಬರೀಲಿಲ್ಲ. ನಾ ಒಂದು ಕತ್ತಿ ಬರದೆ, ಆಕಿ ಒಂದು ಬರದ್ಲು."

ಇಬ್ಬರು ಜಗಳಾಡಿದರೆ ಮೂರನೆಯವನಿಗೆ ಲಾಭ ಎಂದು ಮನ್ಮಥಪ್ಪ ಕೇಳಿದ್ದ. ಆ ಮೂರನೆಯವನನ್ನು ತಾನೇ ಎದುರಿಗೆ ಕೂರಿಸಿಕೊಂಡು ದಿನವೂ ಬರೆಸಿದ್ದು ಇವತ್ತು ತಿಳಿಯಿತು. ಸಿಟ್ಟು ಮಾಡಬೇಕೆಂದು ನೋಡಿದ. ಒಳಗೆ ಉಮಾಶ್ರೀ ಹಸಿರು ಸೀರೆಯಲ್ಲಿ ಅತ್ತೆಗೆ ನಮಸ್ಕಾರ ಮಾಡುತ್ತಿದ್ದಳು, ಘಾಳೆಪ್ಪ ಕನ್ನಡಕ ತೆಗೆದು ಕಣ್ಣೊರಸಿಕೊಳ್ಳುತ್ತಿದ್ದ. ಸಿಟ್ಟು ಬರಲಿಲ್ಲ. ಹೋಗಿ ಕೂತ. ಧೊಂಡಿಬಾ ದಾರ ಬಿಚ್ಚಿ, ಎಲ್ಲರಿಗಿಂತ ಮೊದಲು ಅವನ ಬಾಯಿಗೇ ಸಕ್ಕರೆ ಹಾಕಿದ. ಸುಟ್ಟ ನಾಲಿಗೆಗೆ ಅದು ಹಿತವಾಗಿತ್ತು.

ಸಂಜೆಯ ಬಿಸಿಲಿನಲ್ಲಿ ಕ್ರೂಸರ್ ಭಾಲ್ಕಿಗೆ ಹೊರಟಿತು. ಹೊಲಗಳ ಮೇಲೆ ಅರಿಸಿನದಂಥ ಬೆಳಕು ಹರಡಿತ್ತು, ಮುತ್ತುಗದ ಹೂಗಳು ಒಂದೊಂದೇ ದೀಪದಂತೆ ಹಿಂದೆ ಸರಿಯುತ್ತಿದ್ದವು. ಮನ್ಮಥಪ್ಪನ ಮನಸ್ಸು ಮತ್ತೆ ಒಂದರ ಮೇಲೆ ಬಂದಿತ್ತು. ಮಗನಿಗೆ ಫೋನು ಕೊಟ್ಟು ಗುಂಪಿನಿಂದ ತನ್ನ ಹೆಸರು ತೆಗೆಸಿದ.

"ಈಗರ ಮುಗೀತಲ್ರಿ?" ಎಂದಳು ಅನುಸೂಯಾಬಾಯಿ.

"ಮುಗೀತು." ತನ್ನ ಕೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡ. ಅವು ಹಗುರಾಗಿದ್ದವು. ನಾಳೆ ಎದ್ದ ಕೂಡಲೆ ವಜೀರಬೀಯ ಫ್ಯಾನು.

ಆಗ ಫೋನು ಕುಂಯ್ ಎಂದಿತು. ಅಮಿತಕುಮಾರ ನೋಡಿ ಅಪ್ಪನ ಕೈಗೆ ಕೊಟ್ಟ. ಗುಂಪಿನಿಂದಲ್ಲ, ಘಾಳೆಪ್ಪನಿಂದ ನೇರವಾಗಿ ಬಂದಿತ್ತು. ಮಗಳ ಕೈಯಲ್ಲಿ ಬರೆಸಿದ್ದಲ್ಲ, ಆ ಮೊಂಡು ಬೆರಳು ತಾನೇ ಒತ್ತಿದ್ದು, ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಬಿಡಿಸಿ ಓದಿದರೆ ಹೀಗಿತ್ತು:

"ಬೀಗರ, ಸುಖರೂಪ ಮುಟ್ಟಿದ್ರಾ? ಒಂದ್ ಮಾತ್ ಉಳೀತು. ಇಬ್ರೂ ಖರೇನೇ ಹೇಳೇವಿ. ಅದಕ್ಕ ವಾದ ಇಲ್ಲ. ಆದರ ಖರೇ ಮೊದಲ ಹೇಳದವ್ರು ಯಾರು?"

ಮನ್ಮಥಪ್ಪ ಅದನ್ನು ಎರಡು ಸಲ ಓದಿದ. ಗುಂಪಿನಲ್ಲಾಗಿದ್ದರೆ ಕಣ್ಣು ಮುಚ್ಚಿ ಬಿಡಬಹುದಿತ್ತು. ಆದರೆ ಇದು ಬೀಗರ ಮಾತು. ಸಕ್ಕರೆ ತಿಂದ ದಿನವೇ ಬೀಗರ ಮಾತಿಗೆ ಉತ್ತರ ಕೊಡದಿದ್ದರೆ ಮದುವೆಯಲ್ಲಿ ಮುಖ ತೋರಿಸುವುದು ಹೇಗೆ?

"ಅಮಿತ, ಬರಿ," ಎಂದ.

ಅಮಿತಕುಮಾರ ಮುಂದಿನ ಸೀಟಿನಲ್ಲಿ ಕುತ್ತಿಗೆ ಬಗ್ಗಿಸಿ ತನ್ನ ಫೋನಿನಲ್ಲಿ ಎರಡೂ ಹೆಬ್ಬೆರಳಿನಿಂದ ಏನೋ ಬರೆಯುತ್ತಿದ್ದ. "ನೀನೇ ಬರಿ ಅಪ್ಪಾ, ನನಗ ಪುರಸೊತ್ತಿಲ್ಲ."

"ಅಣ್ಣಾ, ನಾಳಿ ನಂದು ಫ್ಯಾನು ನೆನಪಿರಲಿ," ಎಂದಳು ಹಿಂದಿನಿಂದ ವಜೀರಬೀ.

"ಹೂಂ," ಎಂದ ಮನ್ಮಥಪ್ಪ. ಏನು ಹೇಳಿದಳೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮೊಂಡು ತೋರುಬೆರಳು ಎತ್ತಿ, ಮೊದಲ ಅಕ್ಷರ ಹುಡುಕುತ್ತಿದ್ದ. ಭಾಲ್ಕಿ ಕಾಣುವ ಹೊತ್ತಿಗೆ "ನಾನೇ" ಎಂಬಷ್ಟು ಮೂಡಿತ್ತು. ಅಷ್ಟನ್ನೇ ಕಳಿಸಿ ಸುಮ್ಮನಾಗಬಹುದಿತ್ತು. ಕಾರಣ ಕೊಡದೆ ಬಿಟ್ಟರೆ ಬೀಗರು ಏನೆಂದುಕೊಂಡಾರು ಎಂದು ಮುಂದಿನ ಅಕ್ಷರ ಹುಡುಕತೊಡಗಿದ.